ಅಜ್ಜನ ಟೋಪಿ, ಮೊಮ್ಮಗನ ಕ್ಯಾಪ್: ಮನೆಯೊಳಗೆ ಯಾವುದು ಸರಿ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಮಗನಿಗೆ 23 ವರ್ಷ, ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದಿಂದ ಯಾವಾಗ ನೋಡಿದರೂ ತಲೆ ಮೇಲೆ ಕ್ಯಾಪ್. ಮನೆಯೊಳಗೂ ತೆಗೆಯುವುದಿಲ್ಲ. ಹೋದ ತಿಂಗಳು ಮಗಳ ನಿಶ್ಚಯದ ದಿನ ಪಂಕ್ತಿಯಲ್ಲೂ ಹಾಗೇ ಕೂತ. ನಮ್ಮ ಮಾವನವರಿಗೆ 82 ವರ್ಷ. ಬೀಗರ ಎದುರಿಗೇ ‘ಏ ತಮ್ಮಾ, ಆ ಟೊಪಗಿ ತಗದು ಉಣ್ಣು’ ಅಂದರು. ಇವನು ನಗುತ್ತಾ ‘ಅಜ್ಜಾ, ನೀವೂ ಟೊಪಗಿ ಹಾಕ್ಕೊಂಡ ಕುಂತೀರಲ್ಲ’ ಅಂದುಬಿಟ್ಟ. ಎಲ್ಲರೂ ನಕ್ಕರು. ಮಾವನವರು ಎಲೆ ಬಿಟ್ಟು ಎದ್ದರು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಮುಂದಿನ ತಿಂಗಳು ಮದುವೆ. ಮಗ ಕೇಳುವುದರಲ್ಲೂ ನ್ಯಾಯ ಇದೆ ಅನಿಸುತ್ತದೆ. ಅಜ್ಜನ ಗಾಂಧಿ ಟೋಪಿ ಆಗುತ್ತದೆ, ಇವನ ಕ್ಯಾಪ್ ಯಾಕೆ ಆಗುವುದಿಲ್ಲ? ಸೆಪ್ಟೆಂಬರಿನಲ್ಲಿ ಓದಲು ಇಂಗ್ಲೆಂಡಿಗೆ ಹೊರಟಿದ್ದಾನೆ. ಅಲ್ಲಿನ ರೂಢಿ ಏನು? ಇನ್ನೊಂದು ಮಾತು. ಅವನ ಹಣೆಯ ಮೇಲೆ ಕೂದಲು ತೆಳ್ಳಗಾಗಿದೆ. ಕ್ಯಾಪ್ ಹಾಕಿ ಹಾಕಿಯೇ ಹೀಗಾಯಿತು ಅಂತ ನಮ್ಮತ್ತೆ ಹೇಳುತ್ತಾರೆ. ಹೌದಾ?

ಉತ್ತರ: ನೀವು ಕೊನೆಯಲ್ಲಿ ‘ಇನ್ನೊಂದು ಮಾತು’ ಅಂತ ಬರೆದಿದ್ದೀರಲ್ಲ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಇರಬಹುದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮಗನ ಪ್ರಶ್ನೆಗೆ ಉತ್ತರ ಹೇಳಬೇಕು. ಅವನು ಕೇಳಿದ ಜಾಗ ತಪ್ಪು, ಕೇಳಿದ ಪ್ರಶ್ನೆ ತಪ್ಪಲ್ಲ. ಅದಕ್ಕೆ ಮನೆಯಲ್ಲಿ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ ಅಂತ ಕಾಣುತ್ತದೆ.

ಹೋಟೆಲ್ ಸಿಬ್ಬಂದಿಗೆ, ಮೊದಲ ಕೆಲಸಕ್ಕೆ ಸೇರುವ ಹುಡುಗರಿಗೆ, ಪರದೇಶಕ್ಕೆ ಹೊರಟವರಿಗೆ ನಡೆನುಡಿ ಹೇಳಿಕೊಡುವುದು ನನ್ನ ಕೆಲಸ. ತಲೆ ಮೇಲಿನ ಬಟ್ಟೆಯ ವಿಷಯ ಹೆಚ್ಚುಕಮ್ಮಿ ಪ್ರತಿ ಬ್ಯಾಚಿನಲ್ಲೂ ಎದ್ದೇ ಏಳುತ್ತದೆ. ‘ಒಳಗೆ ಬಂದ ಮೇಲೆ ಟೋಪಿ ತೆಗೆಯಬೇಕು, ಅದು ನಮ್ಮ ಸಂಸ್ಕೃತಿ’ ಅಂತ ಯಾರಾದರೂ ಒಬ್ಬರು ಹೇಳುತ್ತಾರೆ. ನಿಜ ಏನೆಂದರೆ, ಅದು ನಮ್ಮದಲ್ಲ. ನಮ್ಮ ಹಳೆಯ ರೂಢಿ ಇದಕ್ಕೆ ಪೂರ್ತಿ ಉಲ್ಟಾ ಇತ್ತು.

ನಮ್ಮಲ್ಲಿ ಗೌರವ ಅಂದರೆ ಕಾಲು ಬರಿದು, ತಲೆ ಮುಚ್ಚಿದ್ದು. ಚಪ್ಪಲಿ ಹೊರಗೆ ಬಿಡಬೇಕು, ರುಮಾಲು ತಲೆ ಮೇಲೆ ಇರಬೇಕು. ಬರಿದಲೆಯಲ್ಲಿ ಹಿರಿಯರ ಮುಂದೆ ಹೋಗುವುದನ್ನ ಅಶುಭ ಅನ್ನುತ್ತಿದ್ದರು. ಮೈಸೂರು ಅರಮನೆಯ ದಸರಾ ದರ್ಬಾರಿಗೆ ಕಪ್ಪು ಕೋಟು, ಬಿಳಿ ಪೈಜಾಮ, ತಲೆಗೆ ಪೇಟ ಕಡ್ಡಾಯ. ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ನೆನಪು ಮಾಡಿಕೊಳ್ಳಿ, ಪೇಟ ಇಲ್ಲದ್ದು ಕಣ್ಣ ಮುಂದೆ ಬರುವುದೇ ಇಲ್ಲ. ಇವತ್ತಿಗೂ ಸನ್ಮಾನದ ದಿನ ಏನು ಮಾಡುತ್ತೇವೆ? ಸಭಾಂಗಣದೊಳಗೆ, ವೇದಿಕೆಯ ಮೇಲೆ, ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಡುತ್ತೇವೆ. ನಾವು ಒಬ್ಬರಿಗೆ ಕೊಡುವ ದೊಡ್ಡ ಗೌರವವೇ ಮನೆಯೊಳಗೆ ತಲೆಗೆ ಬಟ್ಟೆ ಇಡುವುದು. ನಿಮ್ಮ ಕಡೆ ಮದುವೆಯಲ್ಲಿ ಬೀಗರಿಗೆ ಆಹೇರಿ ಮಾಡುವಾಗ ಟೋಪಿ, ಟಾವೆಲ್ ಕೊಡುವುದೂ ಅದೇ ಲೆಕ್ಕ.

ಹಾಗಾದರೆ ತೆಗೆಯುವ ರೂಢಿ ಎಲ್ಲಿಂದ ಬಂತು? ಯುರೋಪಿನಿಂದ. ಅಲ್ಲಿ ಗೌರವ ಅಂದರೆ ತಲೆ ಬರಿದು, ಕಾಲಲ್ಲಿ ಬೂಟು. ಗಂಡಸರು ತಲೆ ಮುಚ್ಚಿಕೊಂಡು ಪ್ರಾರ್ಥನೆ ಮಾಡಬಾರದು, ಹೆಂಗಸರು ಮುಚ್ಚಿಕೊಳ್ಳಬೇಕು ಅಂತ ಬೈಬಲ್‌ನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿದೆ. ಚರ್ಚಿನಲ್ಲಿ ಗಂಡಸರು ಹ್ಯಾಟ್ ತೆಗೆಯುವುದಕ್ಕೆ ಆಧಾರ ಅದು. ‘ಹಿಂದಿನ ಕಾಲದ ಕುದುರೆ ಸವಾರರು ಮುಖ ತೋರಿಸಲು ಶಿರಸ್ತ್ರಾಣ ಎತ್ತುತ್ತಿದ್ದರು, ಅದರಿಂದಲೇ ಇದೆಲ್ಲ ಶುರುವಾಯಿತು’ ಅನ್ನುವ ಕಥೆಯನ್ನ ತರಬೇತಿ ಪುಸ್ತಕಗಳೆಲ್ಲ ಹೇಳುತ್ತವೆ. ಕೇಳಲು ಚೆಂದ, ಆದರೆ ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಚರ್ಚಿನಿಂದ ಆಚೆ ಹ್ಯಾಟ್ ತೆಗೆಯುವುದು ಮುಖ್ಯವಾಗಿ ದೊಡ್ಡವರು ಚಿಕ್ಕವರ ವಿಷಯವಾಗಿತ್ತು. ಕೆಳಗಿನವನು ತೆಗೆಯಬೇಕು, ಮೇಲಿನವನು ಇಟ್ಟುಕೊಳ್ಳಬಹುದು.

ಇದನ್ನ ಒಪ್ಪದೆ ಜೈಲಿಗೆ ಹೋದವರಿದ್ದಾರೆ. ಇಂಗ್ಲೆಂಡಿನ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ‘ದೇವರಿಗೆ ಮಾತ್ರ ಹ್ಯಾಟ್ ತೆಗೆಯುತ್ತೇವೆ, ಮನುಷ್ಯರಿಗಲ್ಲ’ ಅನ್ನುತ್ತಿದ್ದರು. 1670ರಲ್ಲಿ ಆ ಪಂಥದ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರನ್ನ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿಗೆ ತಂದರು. ಒಳಗೆ ಬರುವಾಗ ಕೋರ್ಟಿನ ಆಳುಗಳೇ ಅವರ ಹ್ಯಾಟ್ ತೆಗೆದಿದ್ದರು. ‘ಮತ್ತೆ ತಲೆ ಮೇಲಿಡಿ’ ಅಂತ ಅಪ್ಪಣೆ ಆಯಿತು. ಇಟ್ಟರು. ಆಮೇಲೆ ‘ಯಾಕೆ ತೆಗೆಯಲಿಲ್ಲ’ ಅಂತ ಇಬ್ಬರಿಗೂ ತಲಾ 40 ಮಾರ್ಕ್ ದಂಡ ಹಾಕಿದರು. ಅಲ್ಲಿ ಮುಖ್ಯವಾಗಿದ್ದದ್ದು ಹ್ಯಾಟ್ ಅಲ್ಲ, ತಗ್ಗಿ ನಡೆಯುತ್ತಾರಾ ಇಲ್ಲವಾ ಅನ್ನುವುದು.

ಈ ಎರಡು ರೂಢಿ ನಮ್ಮ ದೇಶದಲ್ಲಿ ಮುಖಾಮುಖಿ ಆದಾಗ ಗಲಾಟೆ ಆಗಲೇಬೇಕಿತ್ತು. ಬ್ರಿಟಿಷ್ ಅಧಿಕಾರಿಗಳು ‘ಭಾರತೀಯರು ನಮ್ಮ ಮುಂದೆ ಬೂಟು ಬಿಚ್ಚಬೇಕು’ ಅನ್ನುತ್ತಿದ್ದರು. ತಾವು ಮಾತ್ರ ಬೂಟಿನಲ್ಲೇ ಇರುತ್ತಿದ್ದರು. ಯುರೋಪಿನ ಬೂಟು ಹಾಕುವ ಭಾರತೀಯರು ಅದನ್ನ ಹಾಕಿಕೊಂಡೇ ಸರ್ಕಾರಿ ಸಮಾರಂಭಕ್ಕೆ ಬರಬಹುದು ಅಂತ 1854ರಲ್ಲಿ ಗವರ್ನರ್ ಜನರಲ್ ಕಡೆಯಿಂದ ಆದೇಶ ಬಂತು. ಆದರೂ 1862ರಲ್ಲಿ ಸೂರತ್ತಿನ ಕೋರ್ಟಿನಲ್ಲಿ ಮಾನೆಕ್‌ಜಿ ಕಾವಸ್‌ಜಿ ಎಂಟಿ ಅನ್ನುವ ಪಾರ್ಸಿಯವರಿಗೆ ಬೂಟು ಬಿಚ್ಚಿ ಅಂದರು. ಅವರು ಒಪ್ಪಲಿಲ್ಲ. ಅದು ದೊಡ್ಡ ಸುದ್ದಿಯಾಯಿತು.

ತಲೆಯ ವಿಷಯದಲ್ಲಿ ನಮಗೆಲ್ಲ ಗೊತ್ತಿರುವ ಘಟನೆ ಗಾಂಧೀಜಿಯವರದು. 1893ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿಗೆ ಬಂದಿಳಿದು ಎರಡು ಮೂರು ದಿನ ಆಗಿತ್ತು ಅಷ್ಟೆ. ಕೋರ್ಟ್ ನೋಡಲು ಹೋದರು. ತಲೆಗೆ ಪೇಟ ಇತ್ತು. ಮ್ಯಾಜಿಸ್ಟ್ರೇಟ್ ಅವರನ್ನೇ ದಿಟ್ಟಿಸಿ ನೋಡಿ ‘ಪೇಟ ತೆಗಿ’ ಅಂದ. ಗಾಂಧೀಜಿ ತೆಗೆಯದೆ ಹೊರಗೆ ನಡೆದರು. ಈ ಕಿರಿಕಿರಿಯೇ ಬೇಡ, ಇಂಗ್ಲಿಷ್ ಹ್ಯಾಟನ್ನೇ ಹಾಕಿಕೊಳ್ಳೋಣ ಅಂತ ಒಂದು ಗಳಿಗೆ ಯೋಚನೆಯೂ ಬಂತು. ‘ಹ್ಯಾಟ್ ಹಾಕಿದರೆ ನಿಮ್ಮನ್ನ ಹೋಟೆಲ್ ವೇಟರ್ ಅಂದುಕೊಳ್ಳುತ್ತಾರೆ’ ಅಂತ ಅವರನ್ನ ಅಲ್ಲಿಗೆ ಕರೆಸಿಕೊಂಡಿದ್ದ ವ್ಯಾಪಾರಿ ಅಬ್ದುಲ್ಲಾ ಸೇಠ್ ತಡೆದರು. ಮರುವರ್ಷ ನೇಟಾಲ್ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ಪ್ರಮಾಣ ಮಾಡಿದಾಗ ಮುಖ್ಯ ನ್ಯಾಯಾಧೀಶರು ಅದೇ ಮಾತು ಹೇಳಿದರು. ಈ ಸಲ ಗಾಂಧೀಜಿ ಪೇಟ ತೆಗೆದರು. ಸ್ನೇಹಿತರಿಗೆ ಸಿಟ್ಟು ಬಂತು. ವಕೀಲನಾಗಿ ಆ ಕೋರ್ಟಿನ ಕಟ್ಟಳೆ ಪಾಲಿಸಬೇಕು, ನನ್ನ ಶಕ್ತಿಯನ್ನ ಇದಕ್ಕಿಂತ ದೊಡ್ಡ ಜಗಳಕ್ಕೆ ಉಳಿಸಿಕೊಳ್ಳುತ್ತೇನೆ ಅನ್ನುವುದು ಅವರ ಲೆಕ್ಕ. ನಿಮ್ಮ ಮಗನಿಗೆ ಈ ಎರಡನ್ನೂ ಒಟ್ಟಿಗೆ ಹೇಳಿ. ಒಂದನ್ನೇ ಹೇಳಿದರೆ ಅರ್ಧ ಪಾಠ.

ಇಷ್ಟು ಗೊತ್ತಾದ ಮೇಲೆ ನಿಮ್ಮ ಮಾವನವರ ಟೋಪಿ ಬೇರೆ ಥರ ಕಾಣುತ್ತದೆ. ಅವರು ಹುಟ್ಟಿ ಬೆಳೆದಾಗ ನಿಮ್ಮ ಸೀಮೆ ಮುಂಬೈ ಪ್ರಾಂತದಲ್ಲಿತ್ತು. 1956ರವರೆಗೂ ಹಾಗೇ. ಡಾ. ನಾ. ಸು. ಹರ್ಡೀಕರರು ಕಟ್ಟಿದ ಕಾಂಗ್ರೆಸ್ ಸ್ವಯಂಸೇವಕರ ಪಡೆ ಸೇವಾದಳದ ನೆಲೆ ಹುಬ್ಬಳ್ಳಿ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯೇ ಅಧ್ಯಕ್ಷರಾಗಿ ಬಂದಿದ್ದರು. ಖಾದಿಯ ಬಿಳಿ ಟೋಪಿ ನಿಮ್ಮ ಕಡೆಯ ಹಳ್ಳಿಹಳ್ಳಿಯಲ್ಲಿ ತಲೆ ಏರಿದ್ದು ಆ ಕಾಲದ ಗಾಳಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಕೆಲವು ಕಚೇರಿ, ಕೋರ್ಟುಗಳಲ್ಲಿ ಅದನ್ನ ಹಾಕಬಾರದು ಅಂತ ತಡೆ ಇತ್ತು. ಹಾಕಿಕೊಳ್ಳುವುದೇ ಒಂದು ಧೈರ್ಯ. (ಗಾಂಧೀಜಿ ತಾವೇ ಆ ಟೋಪಿ ಹಾಕಿದ್ದು ಸ್ವಲ್ಪ ಕಾಲ ಮಾತ್ರ. 1921ರ ಸೆಪ್ಟೆಂಬರಿನಲ್ಲಿ ಮದುರೈನಲ್ಲಿ ಅಂಗಿ, ಟೋಪಿ ಎರಡನ್ನೂ ಬಿಟ್ಟು ತುಂಡು ಬಟ್ಟೆಗೆ ಬಂದರು.) ನಿಮ್ಮ ಮಾವನವರಿಗೆ ಟೋಪಿ ಅಂದರೆ ಧೋತರ, ಅಂಗಿಯ ಜೊತೆಗೆ ಉಡುಪಿನ ಒಂದು ಭಾಗ. ತೆಗೆದರೆ ಅಂಗಿ ಬಿಚ್ಚಿ ಕೂತ ಹಾಗೆ ಅನಿಸುತ್ತದೆ.

ನನ್ನ ಪ್ರಕಾರ ವ್ಯತ್ಯಾಸ ಇರುವುದು ಇಲ್ಲಿ. ತಲೆ ಮೇಲಿರುವುದು ಉಡುಪಿನ ಭಾಗವಾ, ಬಿಸಿಲು ಮಳೆಗೆ ಹಾಕಿದ್ದಾ? ಉಡುಪಿನ ಭಾಗ ಆದರೆ ಒಳಗೂ ಇರುತ್ತದೆ. ಪೇಟ, ರುಮಾಲು, ಗಾಂಧಿ ಟೋಪಿ, ಕೊಡವ ಮದುಮಗನ ಮಂಡೆತುಣಿ ಎಲ್ಲ ಈ ಕಡೆ. ಬಿಸಿಲಿಗೆ ಹಾಕಿದ್ದು ಆದರೆ ಬಾಗಿಲಲ್ಲೇ ಬಿಡಬೇಕು. ಕರಾವಳಿಯಲ್ಲಿ ತೋಟದ ಕೆಲಸಕ್ಕೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕುತ್ತಾರೆ. ಅದನ್ನ ಹಾಕಿಕೊಂಡು ಯಾರೂ ಊಟಕ್ಕೆ ಕೂರುವುದಿಲ್ಲ. ಹೆಲ್ಮೆಟ್, ಛತ್ರಿ, ರೈನ್‌ಕೋಟು ಕೂಡ ಹಾಗೇ. ಮುಂದೆ ತಗಡಿನ ಹಾಗೆ ಚಾಚಿಕೊಂಡಿರುವ ಬೇಸ್‌ಬಾಲ್ ಕ್ಯಾಪ್ ಹುಟ್ಟಿದ್ದೇ ಮೈದಾನದಲ್ಲಿ ಕಣ್ಣಿಗೆ ಬಿಸಿಲು ಹೊಡೆಯದಿರಲಿ ಅಂತ. ಯುರೋಪ್, ಅಮೆರಿಕದ ಹಳೆಯ ಶಿಷ್ಟಾಚಾರದಲ್ಲೂ ಈ ಭೇದ ಇದೆ. ಹೆಂಗಸರು ಸಮಾರಂಭಕ್ಕೆ ಹಾಕುವ ಹ್ಯಾಟ್ ಒಳಗೂ ಇರಬಹುದು, ಅದು ಉಡುಪಿನ ಭಾಗ. ಅದೇ ಹೆಂಗಸು ಬೇಸ್‌ಬಾಲ್ ಕ್ಯಾಪ್ ಹಾಕಿದ್ದರೆ ತೆಗೆಯಬೇಕು.

ಆದ್ದರಿಂದ ‘ಅಜ್ಜನಿಗೆ ಒಂದು ಕಾನೂನು, ನನಗೊಂದಾ?’ ಅನ್ನುವುದಕ್ಕೆ ಉತ್ತರ ಇದು: ಕಾನೂನು ಒಂದೇ, ವಸ್ತು ಬೇರೆ. ಈ ಮಾತಿಗೂ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಇಪ್ಪತ್ತರ ಆಸುಪಾಸಿನ ಎಷ್ಟೋ ಹುಡುಗರಿಗೆ ಈಗ ಕ್ಯಾಪ್ ಕೂಡ ಉಡುಪೇ. ಶರ್ಟಿಗೆ ಹೊಂದುವ ಕ್ಯಾಪ್ ಕೊಳ್ಳುತ್ತಾರೆ, ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೆಂಗಳೂರಿನ ಆಫೀಸುಗಳಲ್ಲಿ, ಕೆಫೆಗಳಲ್ಲಿ ಅದನ್ನ ಯಾರೂ ಗಮನಿಸುವುದಿಲ್ಲ. ಇನ್ನು ಮೂವತ್ತು ವರ್ಷಕ್ಕೆ ಅದು ಪೂರ್ತಿ ಉಡುಪಿನ ಕಡೆಗೆ ಸೇರಿಬಿಡಬಹುದು. ರೂಢಿ ಬದಲಾಗುವುದೇ ಹೀಗೆ. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮೊದಲು ಸದಸ್ಯರು ಹ್ಯಾಟ್ ಹಾಕಿಕೊಂಡೇ ಕೂರುತ್ತಿದ್ದರು. 1837ರಲ್ಲಿ ಬೇಡ ಅಂತ ನಿಯಮ ಮಾಡಿದರು. 2019ರಲ್ಲಿ ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚುವವರಿಗಾಗಿ ಆ ನಿಯಮ ಸಡಿಲಿಸಿದರು. ಬ್ರಿಟನ್ನಿನ ಸಂಸತ್ತಿನಲ್ಲಂತೂ ಮತದಾನ ನಡೆಯುವಾಗ ಕ್ರಿಯಾಲೋಪ (ನಿಯಮ ಮೀರಿದೆ ಅನ್ನುವ ಆಕ್ಷೇಪ) ಎತ್ತಬೇಕಾದರೆ ಸದಸ್ಯರು ಕೂತೇ, ತಲೆಗೆ ಹ್ಯಾಟ್ ಹಾಕಿಕೊಂಡೇ ಮಾತಾಡಬೇಕಿತ್ತು. ಅದಕ್ಕೆಂದೇ ಒಂದು ಮಡಿಸುವ ಹ್ಯಾಟ್ ಅಲ್ಲಿ ಇಟ್ಟಿರುತ್ತಿದ್ದರು. 1998ರಲ್ಲಿ ಆ ಪದ್ಧತಿ ನಿಂತಿತು.

ಗಂಡಸರ ತಲೆ ಬರಿದಾಗಿದ್ದಕ್ಕೂ ಒಬ್ಬರ ಮೇಲೆ ಹೊರಿಸುವ ಕಥೆ ಇದೆ. ಜಾನ್ ಎಫ್. ಕೆನಡಿ 1961ರಲ್ಲಿ ಹ್ಯಾಟ್ ಇಲ್ಲದೆ ಪ್ರಮಾಣ ಸ್ವೀಕರಿಸಿ ಹ್ಯಾಟ್ ಉದ್ಯಮವನ್ನೇ ಮುಳುಗಿಸಿದರು ಅಂತ. ಆವತ್ತು ಅವರು ರೇಷ್ಮೆಯ ಉದ್ದ ಹ್ಯಾಟ್ ಹಾಕಿಕೊಂಡೇ ಬಂದಿದ್ದರು, ಪ್ರಮಾಣಕ್ಕೆ, ಭಾಷಣಕ್ಕೆ ಮಾತ್ರ ತೆಗೆದರು. ಹ್ಯಾಟ್ ಅದಕ್ಕೂ ಎಷ್ಟೋ ಮೊದಲೇ ಇಳಿಮುಖ ಆಗಿತ್ತು. ಜನ ಬಿಸಿಲು ಮಳೆಯಲ್ಲಿ ನಡೆಯುವುದು ಬಿಟ್ಟು ಕಾರು ಹತ್ತಿದರು, ಕಾರಿನ ಸೂರು ತಗ್ಗಾಯಿತು. ನಮ್ಮಲ್ಲೂ ಯಾರ ಆಜ್ಞೆಯೂ ಇಲ್ಲದೆ ಪೇಟ ಇಳಿಯಿತು. ಹಳೆಯ ಹೈಸ್ಕೂಲುಗಳ ಗ್ರೂಪ್ ಫೋಟೋ ನೋಡಿ. ಮೊದಲು ಮೇಷ್ಟ್ರು ಸಾಲಿನಲ್ಲಿ ಎಲ್ಲರ ತಲೆಗೂ ರುಮಾಲು. ಬರುಬರುತ್ತಾ ವಯಸ್ಸಾದ ಒಬ್ಬರಿಬ್ಬರ ತಲೆಗೆ ಮಾತ್ರ. ಆಮೇಲೆ ಅದೂ ಇಲ್ಲ.

ಇನ್ನೊಂದು ಸಂಗತಿ ಇದೆ. ಇದನ್ನ ನಾನು ಯಾವ ತರಬೇತಿಯಲ್ಲೂ ಬಿಡುವುದಿಲ್ಲ. ತಲೆ ಮುಚ್ಚುವುದೇ ಗೌರವ ಅಂದೆನಲ್ಲ, ಅದು ಎಲ್ಲರಿಗೂ ಇರಲಿಲ್ಲ. ಗೌಡರ ಮುಂದೆ, ಜಮೀನ್ದಾರರ ಮುಂದೆ ಬಂದ ಕೂಲಿಯವನು ತಲೆಗೆ ಸುತ್ತಿದ ಟವೆಲ್ ಬಿಚ್ಚಬೇಕಿತ್ತು. ಹೆಗಲ ಮೇಲಿದ್ದರೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ಒಳಗೆ ಕೂತವರ ತಲೆ ಮೇಲೆ ರುಮಾಲು ಇರುತ್ತಿತ್ತು, ಅಂಗಳದಲ್ಲಿ ನಿಂತವನ ತಲೆ ಬರಿದು. ಬಿಸಿಲಿರಲಿ, ಮಳೆಯಿರಲಿ. ಜಾತಿ ಕೆಳಗಿನದಾದರೆ ಕೇಳುವುದೇ ಬೇಡ. ಈಗಲೂ ನನ್ನ ಬಳಿ ಬರುವ ಕೆಲವು ಹುಡುಗರು ‘ಕ್ಯಾಪ್ ತೆಗಿ’ ಅಂದ ತಕ್ಷಣ ಮುಖ ಗಂಟು ಹಾಕುತ್ತಾರೆ. ಅವರ ಮನೆಯಲ್ಲಿ ಅಜ್ಜ, ಮುತ್ತಜ್ಜ ಟವೆಲ್ ಬಿಚ್ಚಿದ ನೆನಪು ಇನ್ನೂ ಹಸಿಯಾಗಿರುತ್ತದೆ. ಅವರಿಗೆ ಅದು ಬರೀ ಶಿಷ್ಟಾಚಾರ ಅಲ್ಲ.

1974ರಲ್ಲಿ ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂದು ಉಳುವವನ ಕೈಗೆ ಭೂಮಿ ಬರತೊಡಗಿತು. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದರು. ಅದೇ ವರ್ಷ ರೈತ ಸಂಘ ಹುಟ್ಟಿತು. ಹಸಿರು ಟವೆಲ್ ಹಾಕಿಕೊಂಡೇ ತಾಲ್ಲೂಕು ಕಚೇರಿಯೊಳಗೆ ಹೋಗಿ ಸಾಹೇಬರ ಎದುರು ಕುರ್ಚಿ ಎಳೆದು ಕೂತರು. ಟವೆಲ್ ಕಂಕುಳಿಗೆ ಇಳಿಯಲಿಲ್ಲ. ಎಷ್ಟು ದೊಡ್ಡ ಬದಲಾವಣೆ ಅದು ಅಂತ ಈಗಿನ ಹುಡುಗರಿಗೆ ಹೇಳಬೇಕು. ಹಾಗಾಗಿ ಯಾರಿಗೇ ಆಗಲಿ ‘ತಲೆ ಮೇಲಿಂದ ತೆಗಿ’ ಅನ್ನುವ ಮಾತನ್ನ ಎಲ್ಲರೆದುರು, ಏರಿದ ದನಿಯಲ್ಲಿ ಹೇಳಬಾರದು. ಅದರೊಳಗೆ ಹಳೆಯ ಅವಮಾನ ಇದೆ.

ಈಗ ನಿಮ್ಮ ಮನೆಯ ವಿಷಯ. ತಪ್ಪು ಯಾರದು ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ತಿಳಿಯಬೇಕು ಅಂತ ಇದೆ ಅಲ್ವಾ? ಕ್ಯಾಪ್ ಹಾಕಿ ಪಂಕ್ತಿಗೆ ಕೂತದ್ದು ಚಿಕ್ಕ ತಪ್ಪು. ಬೀಗರ ಮುಂದೆ ಮೊಮ್ಮಗನನ್ನ ಗದರಿದ್ದು ಅದಕ್ಕಿಂತ ದೊಡ್ಡದು. ಬೀಗರ ಮುಂದೆಯೇ ಅಜ್ಜನಿಗೆ ತಿರುಗಿ ಹೇಳಿ ಎಲ್ಲರನ್ನೂ ನಗಿಸಿದ್ದು ಎಲ್ಲಕ್ಕಿಂತ ದೊಡ್ಡದು. ನಿಮ್ಮ ಮಾವನವರು ಎಲೆ ಬಿಟ್ಟು ಎದ್ದದ್ದು ಕ್ಯಾಪಿಗಲ್ಲ, ಆ ನಗುವಿಗೆ. ಆದ್ದರಿಂದ ಮಗ ಕ್ಷಮೆ ಕೇಳಬೇಕಾದದ್ದೂ ಆ ನಗುವಿಗೆ. ‘ಕ್ಯಾಪ್ ಹಾಕಿದ್ದು ತಪ್ಪಾಯಿತು’ ಅಂತ ಒತ್ತಾಯಕ್ಕೆ ಹೇಳಿದರೆ ಅವನಿಗೂ ಸಮಾಧಾನ ಇಲ್ಲ, ಅವರಿಗೂ ಮುಟ್ಟುವುದಿಲ್ಲ. ‘ಅಜ್ಜಾ, ಮಂದಿ ಮುಂದ ಹಂಗ ಅನ್ನಬಾರದಿತ್ತು’ ಅಂದರೆ ಸಾಕು. ಮದುವೆ ಮನೆಯ ಗದ್ದಲದಲ್ಲಿ ಬೇಡ. ಈ ವಾರವೇ, ಇಬ್ಬರೇ ಇದ್ದಾಗ, ಅವರು ಸಂಜೆ ಕಟ್ಟೆಗೆ ಕೂತಾಗ. ಫೋನಿನಲ್ಲಿ ಬೇಡ, ಬೆಂಗಳೂರಿನಿಂದ ಒಂದು ರಾತ್ರಿ ಬಸ್ಸಿಗೆ ಬರಲಿ. ನೀವು ನಡುವೆ ನಿಂತು ಸಂದೇಶ ಒಯ್ಯುವುದೂ ಬೇಡ. ಸೊಸೆಯಾಗಿ ನಿಮಗೆ ಅದು ಇಕ್ಕಟ್ಟು. ನಿಮ್ಮ ಮಾತಿಗೆ ‘ಮಗನ ಪರ’ ಅನ್ನುವ ಬಣ್ಣ ಬಂದುಬಿಡುತ್ತದೆ.

ಮದುವೆಯ ದಿನಕ್ಕೆ ಏನು ಮಾಡಬಹುದು? ಕ್ಯಾಪ್ ತೆಗೆಯಲೇಬೇಕು ಅಂತ ಹಟ ಹಿಡಿಯುವುದು ಒಂದು ದಾರಿ. ಹಿಡಿದರೆ ಅವನು ತೆಗೆಯುತ್ತಾನೆ, ಆದರೆ ಕೂದಲಿನ ಅಳುಕು ಇದ್ದರೆ ದಿನವಿಡೀ ಮೂಲೆ ಹುಡುಕುತ್ತಾನೆ, ಫೋಟೋಗೆ ಬರುವುದಿಲ್ಲ. ತಂಗಿಯ ಮದುವೆಯಲ್ಲಿ ಅಣ್ಣ ಇಲ್ಲದ ಫೋಟೋ ಜೀವನಪೂರ್ತಿ ಉಳಿಯುತ್ತದೆ. ಸುಮ್ನೆ ಬಿಟ್ಟುಬಿಡುವುದು ಇನ್ನೊಂದು. ಆಗ ಅಕ್ಕಿಕಾಳು ಹಾಕುವ ಹೊತ್ತಿಗೆ ಯಾರಾದರೂ ನೆಂಟರು ಅದೇ ಮಾತು ಎತ್ತುತ್ತಾರೆ, ಅಜ್ಜನ ಗಾಯ ಮತ್ತೆ ಕೆದರುತ್ತದೆ. ಕೂದಲನ್ನ ಪೂರ್ತಿ ಸಣ್ಣಗೆ ಕತ್ತರಿಸಿಕೊಳ್ಳುವುದು ಮೂರನೆಯದು. ಈಗಿನ ಕಾಲಕ್ಕೆ ಅದು ಚೆನ್ನಾಗಿಯೇ ಕಾಣುತ್ತದೆ, ತೆಳ್ಳಗಾದದ್ದು ಎದ್ದು ಕಾಣುವುದಿಲ್ಲ. ಮದುವೆಗೆ ಎರಡು ವಾರ ಮುಂಚೆ ಮಾಡಿಸಿಕೊಂಡರೆ ಕನ್ನಡಿಗೆ ಒಗ್ಗಲು ಸಮಯ ಸಿಗುತ್ತದೆ. ಹಿಂದಿನ ದಿನ ಮಾತ್ರ ಬೇಡ. ಶುಭಕಾರ್ಯಕ್ಕೆ ತಲೆ ಬೋಳಿಸಿಕೊಂಡಂತೆ ಕಾಣಬಾರದು ಅನ್ನುವ ಹಿರಿಯರ ಭಾವನೆಗೂ ಬೆಲೆ ಕೊಡಿ, ಪೂರ್ತಿ ನುಣ್ಣಗೆ ಬೇಡ.

ನನಗೆ ಒಳ್ಳೆಯದು ಅನಿಸುವುದು ರುಮಾಲು. ಮದುಮಗಳ ಅಣ್ಣನಿಗೆ ನಿಮ್ಮ ಕಡೆ ರುಮಾಲು ಸುತ್ತುವುದು ಹೊಸದೇನಲ್ಲ. ತಲೆ ಮುಚ್ಚಿರುತ್ತದೆ, ಅಳುಕು ಇರುವುದಿಲ್ಲ, ಉಡುಪಿಗೂ ಒಪ್ಪುತ್ತದೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪೇಟ ಬೇಡ. ಅದು ಬಿಗಿಯಾಗಿ ಹಣೆ ಒತ್ತುತ್ತದೆ, ಮಧ್ಯಾಹ್ನದ ಹೊತ್ತಿಗೆ ತಲೆನೋವು. ಉದ್ದನೆಯ ಬಟ್ಟೆ ತಂದು ಅಜ್ಜನ ಕೈಯಲ್ಲೇ ಸುತ್ತಿಸಿ. 82ರ ಆ ಕೈಗಳಿಗೆ ಸುತ್ತು ಹೇಗೆ ಬಿಗಿಯಬೇಕು, ಸೆರಗು ಎಲ್ಲಿ ಸಿಕ್ಕಿಸಬೇಕು ಅಂತ ಗೊತ್ತಿರುತ್ತದೆ. ಇದರಲ್ಲೂ ಒಂದು ಅಪಾಯ ಇದೆ. ಕ್ಷಮೆ ಕೇಳದೆ ರುಮಾಲನ್ನೇ ರಾಜಿಯ ಉಪಾಯ ಮಾಡಿಕೊಂಡರೆ ಅಜ್ಜನಿಗೆ ಗೊತ್ತಾಗಿಬಿಡುತ್ತದೆ. ಮೊದಲು ಮಾತು, ಆಮೇಲೆ ಬಟ್ಟೆ.

ಇಲ್ಲಿ ಕೆಲವು ವಿಷಯ ಬೆರೆಸಬೇಡಿ. ಬ್ಯಾಂಕಿನಲ್ಲಿ, ಬಂಗಾರದ ಅಂಗಡಿಯಲ್ಲಿ ಕ್ಯಾಪ್, ಹೆಲ್ಮೆಟ್ ತೆಗೆಯಿರಿ ಅನ್ನುವುದು ಕ್ಯಾಮೆರಾಗೆ ಮುಖ ಕಾಣಲಿ ಅಂತ. ನೇಮಕಾತಿ ಪರೀಕ್ಷೆಯಲ್ಲಿ ಕ್ಯಾಪ್ ಬೇಡ ಅನ್ನುವುದು ಬ್ಲೂಟೂತ್ ನಕಲಿನ ಭಯಕ್ಕೆ. ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಧರ್ಮದ ಕಾರಣಕ್ಕೆ ತಲೆ ಮುಚ್ಚುವವರ ವಿಷಯ ಬೇರೆಯೇ, ಅದನ್ನ ಕ್ಯಾಪಿನ ಪಟ್ಟಿಗೆ ಸೇರಿಸಬಾರದು. ಕೀಮೋ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡವರು ಎಲ್ಲೇ ಆಗಲಿ ಟೋಪಿ ಇಟ್ಟುಕೊಳ್ಳಬಹುದು. ಯಾರೂ ಯಾಕೆ ಅಂತ ಕೇಳಬಾರದು.

ಇನ್ನು ಇಂಗ್ಲೆಂಡ್. ಅಲ್ಲಿ ಈಗ ಕ್ಲಾಸಿನಲ್ಲಿ, ಕೆಫೆಯಲ್ಲಿ, ಬಸ್ಸಿನಲ್ಲಿ ಕ್ಯಾಪ್ ಹಾಕಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಯಾರದಾದರೂ ಮನೆಗೆ ಕರೆದರೆ ಕೋಟು ತೆಗೆಯುವಾಗಲೇ ಕ್ಯಾಪೂ ತೆಗೆಯಲಿ, ಊಟದ ಮೇಜಿಗೆ ಅದು ಬರಬಾರದು. ಹಳೆಯ ತಲೆಮಾರಿನವರು ಅದನ್ನ ಇನ್ನೂ ಗಮನಿಸುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಚರ್ಚಿನೊಳಗೆ ತೆಗೆಯಬೇಕು, ಸುಮ್ಮನೆ ಕಟ್ಟಡ ನೋಡಲು ಹೋದರೂ. ಗುರುದ್ವಾರಕ್ಕೆ ಹೋದರೆ ತಲೆ ಮುಚ್ಚಲೇಬೇಕು. ಬೀದರಿನ ನಾನಕ್ ಝೀರಾಗೆ ಹೋಗಿದ್ದರೆ ಅವನಿಗೆ ಗೊತ್ತಿರುತ್ತದೆ, ಬಾಗಿಲಲ್ಲೇ ಕರವಸ್ತ್ರ ಇಟ್ಟಿರುತ್ತಾರೆ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಅಧಿಕಾರಿಯ ಮುಂದೆ ಹೇಳಿಸಿಕೊಳ್ಳುವ ಮೊದಲೇ ತೆಗೆಯಲಿ. ಸಂದರ್ಶನಕ್ಕೆ ಕ್ಯಾಪ್ ಬೇಡವೇ ಬೇಡ. ಪಗಡಿ ಕಟ್ಟಿದ ಸಿಖ್ಖರು ಬಸ್ಸು ಓಡಿಸುವುದು, ಆಫೀಸಿನಲ್ಲಿ ಕೂತಿರುವುದು ಅವನ ಕಣ್ಣಿಗೆ ಬೀಳುತ್ತದೆ. 1976ರಲ್ಲೇ ಅಲ್ಲಿ ಅವರಿಗೆ ಬೈಕಿನ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಟ್ಟು ಕಾನೂನು ಮಾಡಿದ್ದಾರೆ. ಅದನ್ನ ನೋಡಿ ‘ಇಲ್ಲಿ ಎಲ್ಲ ನಡೆಯುತ್ತದೆ’ ಅಂದುಕೊಳ್ಳುವುದು ಬೇಡ. ಪಗಡಿಗೆ ಒಂದು ಕಾರಣ, ಕ್ಯಾಪಿಗೆ ಇನ್ನೊಂದು.

ಕೊನೆಗೆ ಕೂದಲು. ಕ್ಯಾಪ್ ಹಾಕಿದ್ದರಿಂದ ಕೂದಲು ತೆಳ್ಳಗಾಗಿದೆ ಅನ್ನುವುದು ನಿಜ ಅಲ್ಲ. ಇಪ್ಪತ್ತರ ಹರೆಯದಲ್ಲಿ ಹಣೆಯ ಎರಡು ಪಕ್ಕ ಹಿಂದೆ ಸರಿಯುವುದು ಹೆಚ್ಚಾಗಿ ವಂಶದಿಂದ, ಹಾರ್ಮೋನಿನಿಂದ ಬರುವುದು. ತುಂಬಾ ಬಿಗಿಯಾಗಿ ವರ್ಷಗಟ್ಟಲೆ ಎಳೆದು ಕಟ್ಟಿದರೆ ಕೂದಲ ಬುಡಕ್ಕೆ ತೊಂದರೆ ಆಗುತ್ತದೆ, ಬೆವರಿನ ಕ್ಯಾಪ್ ತೊಳೆಯದೇ ಹಾಕಿದರೆ ಹೊಟ್ಟು, ತುರಿಕೆ ಜಾಸ್ತಿ ಆಗುತ್ತದೆ. ಅಷ್ಟೆ. ನನ್ನ ಅನುಭವದಲ್ಲಿ ಆಗುವುದು ಉಲ್ಟಾ. ಕೂದಲು ಉದುರತೊಡಗಿದ ಮೇಲೆ ಹುಡುಗರು ಕ್ಯಾಪ್ ಹಾಕಲು ಶುರು ಮಾಡುತ್ತಾರೆ, ಮನೆಯವರು ಕ್ಯಾಪನ್ನ ಬೈಯುತ್ತಾರೆ. ಎರಡು ವರ್ಷದಿಂದ ಒಳಗೂ ತೆಗೆಯದವನಿಗೆ ಫ್ಯಾಷನ್ ಒಂದೇ ಕಾರಣ ಇರಲಾರದು. ‘ಬೋಳಾಗ್ತಿದೀಯ’ ಅಂತ ತಮಾಷೆಗೂ ಯಾರೂ ಹೇಳದಂತೆ ನೋಡಿಕೊಳ್ಳಿ. ನಿಮ್ಮ ಯಜಮಾನರಿಗೋ ಸೋದರಮಾವಂದಿರಿಗೋ ಚಿಕ್ಕ ವಯಸ್ಸಿನಲ್ಲೇ ಹೀಗಾಗಿದ್ದರೆ ಅವರೇ ಅವನ ಹತ್ತಿರ ಮಾತು ತೆಗೆಯಲಿ. ನೀವು ಕೇಳುವುದಕ್ಕಿಂತ ಅದು ಅವನಿಗೆ ಸುಲಭ.

ಹೊರಡುವ ಮೊದಲು ಒಬ್ಬ ಚರ್ಮರೋಗ ತಜ್ಞರಿಗೆ ತೋರಿಸಿ. ಟಿವಿಯಲ್ಲಿ ಬರುವ ಎಣ್ಣೆಗೆ ದುಡ್ಡು ಹಾಕಬೇಡಿ. ಈ ಥರದ ಉದುರುವಿಕೆಗೆ ಬೇಗ ಶುರು ಮಾಡಿದ ಚಿಕಿತ್ಸೆಯಿಂದ ಪ್ರಯೋಜನ ಹೆಚ್ಚು, ಫಲ ಕಾಣಲು ತಿಂಗಳುಗಳೇ ಬೇಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಗಂಡಸರ ಈ ಸಾಮಾನ್ಯ ಬೊಕ್ಕತಲೆಗೆ ಔಷಧಿ ಕೊಡುವುದಿಲ್ಲ, ಅಲ್ಲಿ ಕೈಯಿಂದ ಪೌಂಡ್ ಕೊಟ್ಟು ಕೊಳ್ಳಬೇಕು. ಡಾಕ್ಟರು ಬರೆದುಕೊಟ್ಟ ಚೀಟಿ ಮತ್ತು ಮೊದಲ ಕೆಲವು ತಿಂಗಳ ಔಷಧಿ ಇಲ್ಲಿಂದಲೇ ಒಯ್ಯಲಿ.